ಬಚ್ಚಲಮನೆಗೂ ಒಂದು ಕೊನೆಯ ದಿನಾಂಕ ಇರುತ್ತೆ

(ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನ ಪಕ್ಕದ ಹಾಲಿನಲ್ಲಿ, ಮನೆ ಕಟ್ಟಿಸುತ್ತಿರುವವರಿಗಾಗಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ನಡುವೆ ಕಾಫಿ ಬಂದು ಹತ್ತು ನಿಮಿಷ ಗಲಾಟೆ ಆದದ್ದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ, ಆಮೇಲೆ ಮಾತಾಡೋದು ಸುಲಭ. ನಾನು ಸಿವಿಲ್ ಎಂಜಿನಿಯರ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಸೈಟಿನಲ್ಲಿ ನಿಂತು ಬೇರೆಯವರ ಮನೆ ಕಟ್ಟಿಸಿದ್ದೇನೆ. ಕೆಂಗೇರಿ ಕಡೆ ನನ್ನದೂ ಒಂದು ಮನೆ ಆಯಿತು. ಗೃಹಪ್ರವೇಶದ ದಿನ ಹಾಲು ಉಕ್ಕಿತು, ನೆಂಟರು ಉಂಡು ಹೋದರು. ಮಾರನೇ ದಿನ ಬೆಳಗ್ಗೆ ನಮ್ಮಪ್ಪ ಮೊದಲು ಸ್ನಾನಕ್ಕೆ ಹೋದರು. ಐದು ನಿಮಿಷ ಆಗಿರಲಿಲ್ಲ, ಒಳಗಿನಿಂದ ಕೂಗಿದರು. "ಲೋ, ನೀರು ಹಾಲ್ ಕಡೆ ಬರ್ತಿದೆಯೇನೋ, ನೋಡೋ!"

ಬರುತ್ತಿತ್ತು. ಬಾಗಿಲ ಕೆಳಗಿಂದ, ಸೋಪಿನ ನೊರೆ ಸಮೇತ.

ಒಬ್ಬ ಎಂಜಿನಿಯರ್ ಮನೆಯಲ್ಲಿ! ಬೈದುಕೊಳ್ಳುತ್ತಾ ಒಳಗೆ ಹೋಗಿ ನೋಡಿದೆ. ನೀರು ಹೋಗೋ ಟ್ರಾಪ್ ಬಾಗಿಲ ಪಕ್ಕದ ಮೂಲೆಯಲ್ಲಿತ್ತು. ಷವರ್ ಇದ್ದದ್ದು ಎದುರು ಗೋಡೆಯಲ್ಲಿ. ಅಂದರೆ ಅಷ್ಟೂ ನೀರು ಇಡೀ ಬಚ್ಚಲು ದಾಟಿ, ಬಾಗಿಲ ಹತ್ತಿರ ಬಂದು, ಅಲ್ಲಿಂದ ಟ್ರಾಪಿಗೆ ಇಳಿಯಬೇಕು. ಸ್ವಲ್ಪ ಜೋರಾಗಿ ಬಂದರೆ ಹೊಸ್ತಿಲು ದಾಟುತ್ತೆ. ಪ್ಲಂಬರ್‌ನ ಕರೆಸಿ ಯಾಕಪ್ಪಾ ಇಲ್ಲಿ ಇಟ್ಟೆ ಅಂತ ಕೇಳಿದೆ. "ಸಾರ್, ಪೈಪು ಇಳಿಯೋ ಡಕ್ಟ್ ಇಲ್ಲೇ ಹತ್ತಿರ ಅಲ್ವಾ, ಪೈಪು ಕಡಿಮೆ ಹಿಡಿಯುತ್ತೆ ಅಂತ. ನೀವೇನೂ ಹೇಳಿರಲಿಲ್ಲ" ಅಂದ. ಪಾಪ, ಅವನ ಮಾತಿನಲ್ಲಿ ತಪ್ಪಿಲ್ಲ. ನಾನು ಏನೂ ಹೇಳಿರಲಿಲ್ಲ. ಊರವರ ಮನೆಗೆಲ್ಲ ಡ್ರಾಯಿಂಗ್ ಕೊಡುವವನು, ನನ್ನ ಮನೆಗೆ "ಅವರಿಗೆ ಗೊತ್ತಿರುತ್ತೆ ಬಿಡು" ಅಂದುಕೊಂಡಿದ್ದೆ.

ಟೈಲ್ಸ್ ಒಡೆಸಿ ಟ್ರಾಪ್ ಜಾಗ ಬದಲಾಯಿಸಿದೆ. ಆ ಡಿಸೈನ್ ಟೈಲ್ಸ್ ಅಷ್ಟರಲ್ಲಿ ಅಂಗಡಿಯಲ್ಲಿ ಮುಗಿದಿತ್ತು. ಈಗಲೂ ನಮ್ಮನೆ ಬಚ್ಚಲಲ್ಲಿ ಐದು ಟೈಲ್ಸ್ ಬೇರೆ ಬಣ್ಣದವು. ಬಂದವರು ಡಿಸೈನ್ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಬಿಟ್ಟಿದ್ದೇನೆ. ನೀವು ಮಾತ್ರ ಒಂದು ಬಾಕ್ಸ್ ಟೈಲ್ಸ್ ಜಾಸ್ತಿ ತಂದು ಮಂಚದ ಕೆಳಗೆ ಇಟ್ಟುಕೊಳ್ಳಿ.

ಅವತ್ತಿನಿಂದ ಒಂದು ವಿಷಯ ನನಗೆ ಖಚಿತ ಆಯಿತು. ಮನೆಯವರು ಬಾಯಿ ಬಿಟ್ಟು ಹೇಳದೇ ಇದ್ದದ್ದನ್ನೆಲ್ಲ ಕೆಲಸದವರು ತಮ್ಮ ರೂಢಿಯಿಂದ ತುಂಬುತ್ತಾರೆ. ಅದರಲ್ಲಿ ಮೋಸ ಇರಬೇಕಾಗಿಲ್ಲ. ಹಿಂದಿನ ಮನೆಯಲ್ಲಿ ಏನು ಮಾಡಿದ್ದರೋ ಇಲ್ಲೂ ಅದನ್ನೇ ಮಾಡುತ್ತಾರೆ. ಇನ್ನೊಂದು ತೊಡಕು ಅಂದರೆ, ಬಚ್ಚಲಮನೆಯ ಒಂದೊಂದು ತೀರ್ಮಾನಕ್ಕೂ ಒಂದು ಕೊನೆಯ ದಿನ ಇರುತ್ತೆ. ಆ ದಿನ ನಾವಂದುಕೊಂಡದ್ದಕ್ಕಿಂತ ತುಂಬಾ ಮುಂಚೆ ಬಂದುಬಿಡುತ್ತೆ. ನಾವು ಬಚ್ಚಲು ಅಂದಾಕ್ಷಣ ಟೈಲ್ಸ್ ಅಂಗಡಿಗೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಬಚ್ಚಲು ತೀರ್ಮಾನ ಆಗಿಹೋಗಿರುತ್ತೆ.

ಉದಾಹರಣೆಗೆ ಸಂಕನ್ ತಗೊಳ್ಳಿ. ಮೇಲಿನ ಮಹಡಿಯ ಬಚ್ಚಲು ಇರೋ ಕಡೆ ಸ್ಲ್ಯಾಬನ್ನು ತಗ್ಗಿಸಿ ಹಾಕುತ್ತಾರಲ್ಲ, ಅದು. ಆ ತಗ್ಗಿನಲ್ಲಿ ಪೈಪು ಮಲಗಿಸಿ, ಮೇಲೆ ತುಂಬಿ, ಟೈಲ್ಸ್ ಹಾಕುತ್ತಾರೆ. ಕಮೋಡ್‌ಗೆ ಸಾಮಾನ್ಯವಾಗಿ 9 ಇಂಚಿನಿಂದ ಒಂದು ಅಡಿ ತಗ್ಗು ಸಾಕು. ಇಂಡಿಯನ್ ಟಾಯ್ಲೆಟ್ ಬೇಕು ಅಂದರೆ ಒಂದೂವರೆ ಅಡಿ ತನಕ ಬೇಕಾಗುತ್ತೆ. ಈಗ ಹೇಳಿ, ನಿಮ್ಮನೆಗೆ ಇಂಡಿಯನ್ನೋ ಕಮೋಡೋ ಅನ್ನೋದನ್ನು ಯಾವತ್ತು ತೀರ್ಮಾನ ಮಾಡಬೇಕು? ಅಂಗಡಿಗೆ ಹೋದ ದಿನ ಅಲ್ಲ. ಸ್ಲ್ಯಾಬಿಗೆ ಸೆಂಟ್ರಿಂಗ್‌ನವರು ಹಲಗೆ ಹೊಡೆಯೋ ದಿನ. ಮೌಲ್ಡ್, ಅಂದರೆ ಸ್ಲ್ಯಾಬಿನ ಕಾಂಕ್ರೀಟ್, ಹಾಕಿದ ಮೇಲೆ ಅಜ್ಜಿ ಬಂದು "ನನಗೆ ಇಂಡಿಯನ್ನೇ ಬೇಕಪ್ಪ" ಅಂದರೆ, ಬಚ್ಚಲಿಗೆ ಎರಡು ಮೆಟ್ಟಿಲು ಹತ್ತಬೇಕಾಗುತ್ತೆ. ಅಂಥ ಬಚ್ಚಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಚೆಗೆ ಕೆಲವರು ಸಂಕನ್ನೇ ಬೇಡ ಅಂತಾರೆ. ಪೈಪನ್ನು ಸ್ಲ್ಯಾಬಿನ ಕೆಳಗೆ ನೇತುಹಾಕಿ ಕೆಳಗಿನ ಕೋಣೆಗೆ ಫಾಲ್ಸ್ ಸೀಲಿಂಗ್ ಮಾಡುತ್ತಾರೆ. ಬಚ್ಚಲ ಮೇಲೇ ಬಚ್ಚಲು ಬಂದರೆ ನನಗೂ ಅದೇ ಇಷ್ಟ. ಸೋರಿದರೆ ಎಲ್ಲಿ ಅಂತ ಕಣ್ಣಿಗೆ ಕಾಣುತ್ತೆ, ನೆಲ ಒಡೆಯೋದು ತಪ್ಪುತ್ತೆ. ಆದರೆ ಪೈಪು ದಾಟೋ ಕಡೆ ಕಾಂಕ್ರೀಟ್ ಹಾಕೋಕೆ ಮುಂಚೆಯೇ ತೂತಿಗೆ ತುಂಡು ಪೈಪು ಇಟ್ಟಿರಬೇಕು. ಇಡದಿದ್ದರೆ ಆಮೇಲೆ ಯಾರೋ ಹುಡುಗ ಡ್ರಿಲ್ ಹಿಡಿದು ಬಂದು ಬೀಮಿಗೇ ಹಾಕುತ್ತಾನೆ. ಬೀಮು ಕೊರೆಯೋಕೆ ಯಾರಿಗೂ ಬಿಡಬೇಡಿ. ಈ ವಿಷಯದಲ್ಲಿ "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅನ್ನೋ ಮಾತಿಗೆ ಜಾಗ ಇಲ್ಲ.

ವಾಸ್ತು ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನಂಬೋದು ಬಿಡೋದು ನಿಮ್ಮ ಇಷ್ಟ, ನಾನು ಜಗಳ ಆಡಲ್ಲ. ನಂಬೋದಾದರೆ ಪ್ಲಾನ್ ಕಾಗದದ ಮೇಲಿರುವಾಗಲೇ ಕೇಳಿ. ಗೃಹಪ್ರವೇಶಕ್ಕೆ ವಾರ ಇರುವಾಗ ಭಾವಮೈದ ಒಬ್ಬರನ್ನು ಕರೆದುಕೊಂಡು ಬಂದು, ಕಮೋಡ್ ಉತ್ತರ ದಕ್ಷಿಣಕ್ಕೆ ತಿರುಗಿಸಿ ಅಂದರೆ, ನೆಲದೊಳಗಿನ 110 ಮಿ.ಮೀ. ಪೈಪು ತಿರುಗೋದಿಲ್ಲ.

ಇನ್ನು ಅಳತೆ. ಸ್ನಾನ ಮತ್ತು ಟಾಯ್ಲೆಟ್ ಒಟ್ಟಿಗಿದ್ದರೆ ಕನಿಷ್ಠ 2.8 ಚದರ ಮೀಟರ್ ಇರಬೇಕು, ಅಗಲ 1.2 ಮೀಟರ್‌ಗಿಂತ ಕಡಿಮೆ ಇರಬಾರದು ಅಂತ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತೆ. ಅಂದರೆ 30 ಚದರಡಿ, ನಾಲ್ಕಡಿ ಅಗಲ. ಅದು ಕನಿಷ್ಠ. 30×40 ಸೈಟಿನಲ್ಲೂ ಮನಸ್ಸು ಮಾಡಿದರೆ 5×8 ಅಡಿ ಸಿಗುತ್ತೆ. ಅಷ್ಟು ಸಿಕ್ಕರೆ ಒದ್ದೆ ಜಾಗ, ಒಣ ಜಾಗ ಬೇರೆ ಮಾಡಬಹುದು.

ಪ್ಲಾನ್ ನೋಡಿ ಜಾಗ ಅಂದಾಜು ಮಾಡೋದು ನಮಗೇ ಕಷ್ಟ, ನಿಮಗೆ ಇನ್ನೂ ಕಷ್ಟ. ಅದಕ್ಕೆ ನಾನು ಮನೆಯವರಿಗೆ ಒಂದು ಆಟ ಆಡಿಸುತ್ತೇನೆ. ಸ್ಲ್ಯಾಬಿನ ಮೇಲೋ ರಸ್ತೆಯಲ್ಲೋ ಸೀಮೆಸುಣ್ಣದಲ್ಲಿ ಬಚ್ಚಲನ್ನು ನಿಜವಾದ ಅಳತೆಗೆ ಬರೆಯೋದು. ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಅದು ಕಮೋಡ್. ಒಂದು ಬಕೆಟ್, ಒಂದು ಸ್ಟೂಲ್. ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರನ್ನು ಒಳಗೆ ಕರೆದು, ಬಗ್ಗಿ ಮೈಗೆ ನೀರು ಹಾಕಿಕೊಂಡ ಹಾಗೆ ಮಾಡಿ ಅನ್ನೋದು. ಎಲ್ಲರೂ ನಗುತ್ತಾರೆ. ಆದರೆ ಮೊಣಕೈ ಗೋಡೆಗೆ ತಾಗುತ್ತೆ, ಬಾಗಿಲು ಬೇಸಿನ್‌ಗೆ ಬಡಿಯುತ್ತೆ ಅನ್ನೋದೆಲ್ಲ ಅಲ್ಲೇ ಗೊತ್ತಾಗುತ್ತೆ. ಒಬ್ಬರ ಮನೆಯಲ್ಲಿ ಹೀಗೆ ಆಡಿ, ಬಾಗಿಲನ್ನು ಹೊರಗೆ ತೆಗೆಯೋ ಹಾಗೆ ಮಾಡಿದೆವು. ವಯಸ್ಸಾದವರಿರುವ ಮನೆಗೆ ಅದೇ ಸರಿ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆಗೆಯೋ ಬಾಗಿಲು ಅವರ ಮೈಗೇ ಅಡ್ಡ ಆಗುತ್ತೆ, ತೆಗೆಯೋಕಾಗಲ್ಲ. ಹಿಡಿದುಕೊಳ್ಳೋ ಕಂಬಿ ಈಗ ಹಾಕಿಸದಿದ್ದರೂ, ಅದು ಬರೋ ಜಾಗದಲ್ಲಿ ಪೈಪು ವೈರು ಎಳೆಯದ ಹಾಗೆ ನೋಡಿಕೊಳ್ಳಿ. ನಾಳೆ ನಮಗೂ ವಯಸ್ಸಾಗುತ್ತೆ.

ಈಗ ನನಗೆ ತುಂಬಾ ಪ್ರಿಯವಾದ ವಿಷಯ. ಕಮೋಡ್ ಪೈಪಿನ ಅಳತೆ.

ಕಮೋಡ್‌ಗಳಲ್ಲಿ ನೀರು ನೆಲದೊಳಕ್ಕೆ ಹೋಗೋದು ಒಂದು ಬಗೆ, ಗೋಡೆಯೊಳಕ್ಕೆ ಹೋಗೋದು ಇನ್ನೊಂದು. ನೆಲದೊಳಕ್ಕೆ ಹೋಗೋ ಬಗೆಯಲ್ಲಿ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಇಷ್ಟು ಅಂತರ ಅಂತ ಕಂಪನಿಯವರು ಕೊಟ್ಟಿರುತ್ತಾರೆ. ಒಂದು ಮಾಡೆಲ್‌ಗೆ 300 ಮಿ.ಮೀ., ಇನ್ನೊಂದಕ್ಕೆ 225, ಮತ್ತೊಂದಕ್ಕೆ 100. ಪ್ಲಂಬರ್ ಬರೋ ಹೊತ್ತಿಗೆ ಬರೀ ಇಟ್ಟಿಗೆಯೋ ಬ್ಲಾಕೋ ಇರೋ ಗೋಡೆ. ಅವನು ಟೇಪಿನ ತುದಿಯನ್ನು ಆ ಗೋಡೆಗೆ ಒತ್ತಿ 300 ಅಳೆದು ಪೈಪು ನಿಲ್ಲಿಸುತ್ತಾನೆ. ಲೆಕ್ಕ ಸರಿಯಾಗೇ ಇದೆ. ಆಮೇಲೆ ಗಾರೆಯವರು ಬಂದು 15 ಮಿ.ಮೀ. ಪ್ಲಾಸ್ಟರ್ ಮಾಡುತ್ತಾರೆ. ಅದರ ಮೇಲೆ ಟೈಲ್ಸಿನವರು ಗಾರೆ ಮತ್ತು ಟೈಲ್ಸ್ ಸೇರಿ 25 ಮಿ.ಮೀ. ತಿನ್ನುತ್ತಾರೆ. 300 ಹೋಗಿ 260 ಆಯಿತು. ಫಿಟಿಂಗ್ ದಿನ ಕಮೋಡ್ ತಂದು ಕೂರಿಸಿದರೆ ಹಿಂಭಾಗ ಗೋಡೆಗೆ ತಾಗುತ್ತೆ, ಕೆಳಗಿನ ತೂತು ಪೈಪಿಗೆ ಸೇರಲ್ಲ. ಆಗ ಮೂರು ತಂಡದವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರನ್ನು ಬೈಯೋದು? ಮೂವರ ಲೆಕ್ಕವೂ ಸರಿ.

ಅದಕ್ಕೆ ಕಮೋಡ್ ಮಾಡೆಲ್ಲನ್ನು ಪೈಪು ಹಾಕೋಕೆ ಮುಂಚೆ ಆರಿಸಿ. ಕೊಳ್ಳದಿದ್ದರೂ ಪರವಾಗಿಲ್ಲ. ಮಿಷನ್ ರಸ್ತೆಗೋ ಲಾಲ್‌ಬಾಗ್ ರಸ್ತೆಗೋ ಹೋಗಿ, ಅಂಗಡಿಯಲ್ಲಿ ಆ ಮಾಡೆಲ್ಲಿನ ಅಳತೆಯ ಹಾಳೆ ಕೇಳಿ ತನ್ನಿ. ಗೋಡೆಗೆ ನೇತುಹಾಕೋ ಕಮೋಡ್ ಬೇಕಾದರೆ ಇನ್ನೂ ಮುಂಚೆ ಹೇಳಬೇಕು. ಅದರ ತೊಟ್ಟಿ, ಕಬ್ಬಿಣದ ಚೌಕಟ್ಟು ಎಲ್ಲ ಗೋಡೆಯೊಳಗೆ ಹೋಗುತ್ತೆ. ನಾಲ್ಕಿಂಚಿನ ಗೋಡೆ ಅದನ್ನು ತಡೆಯಲ್ಲ. ನೆಲ ತೊಳೆಯೋಕೆ ಅದರಷ್ಟು ಸುಲಭ ಇನ್ನೊಂದಿಲ್ಲ ಅನ್ನೋದು ನಿಜ. ರಿಪೇರಿ ಬಂದರೆ ಕೈ ಹಾಕೋಕೆ ಫ್ಲಶ್ ಬಟನ್ನಿನ ಕಿಂಡಿ ಒಂದೇ ದಾರಿ, ಅದೂ ನಿಜ.

ನೀರಿನ ವಿಷಯಕ್ಕೆ ಬರೋಣ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಿ ತಂದು ನಮಗೆ ಕೊಡುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ಬೋರ್, ಅದೂ ಇಲ್ಲದಿದ್ದರೆ ಟ್ಯಾಂಕರ್. 2024ರ ಬೇಸಿಗೆ ಯಾರಿಗೂ ಮರೆತಿರಲ್ಲ. ಅಪಾರ್ಟ್‌ಮೆಂಟಿನ ನಲ್ಲಿಗಳಿಗೆ ಏರೇಟರ್, ಅಂದರೆ ಗಾಳಿ ಬೆರೆಸಿ ನೀರು ಉಳಿಸೋ ಜಾಲರಿ, ಹಾಕಲೇಬೇಕು ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ, ಆ ವರ್ಷ. ಬಚ್ಚಲು ಪ್ಲಾನ್ ಮಾಡುವಾಗ ಆ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಮಾಡಿನ ಮೇಲೆ ಎರಡು ಟ್ಯಾಂಕ್ ಇಟ್ಟು, ಫ್ಲಶ್ಶಿಗೆ ಬೇರೆ ಲೈನ್ ಎಳೆಸಿದರೆ ಬೋರ್ ನೀರೋ ಮಳೆ ನೀರೋ ಅಲ್ಲಿಗೆ ಹೋಗುತ್ತೆ, ಕಾವೇರಿ ಉಳಿಯುತ್ತೆ. 1200 ಚದರಡಿ ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಹೇಗೂ ಹಿಡಿದ ನೀರು, ಕಮೋಡಿಗಾದರೂ ಬಳಸೋಣ. ಇದಕ್ಕೆ ಆಗೋ ಖರ್ಚು ಇನ್ನೊಂದು ಟ್ಯಾಂಕು, ಒಂದಷ್ಟು ಪೈಪು ಮಾತ್ರ. ಗೋಡೆ ಮುಚ್ಚಿದ ಮೇಲೆ ಮಾಡಿಸ್ತೀನಿ ಅಂದರೆ ಆಗದ ಕೆಲಸ.

ಬೋರ್ ನೀರಿನ ಗಡಸು ನಿಮಗೆ ಗೊತ್ತೇ ಇದೆ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸು ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತೆ. ಒಂದು ಸಲ ನಿಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿ, ಆಮೇಲೆ ನಲ್ಲಿ ಆರಿಸೋಕೆ ಹೋಗಿ. ಗಡಸು ನೀರಿನ ಮನೆಗೆ ಕಪ್ಪು ಬಣ್ಣದ ನಲ್ಲಿ, ಗಾಜಿನ ಪಾರ್ಟಿಷನ್ ಹಾಕಿಸಿದರೆ ಆರು ತಿಂಗಳಿಗೆ ಬಿಳೀ ಕರೆ ಕೂತು ವಿಭೂತಿ ಬಳಿದ ಹಾಗೆ ಕಾಣುತ್ತೆ. ದಿನಾ ಒರೆಸೋಕೆ ನಿಮ್ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ?

ಷವರ್ ಬಗ್ಗೆ ಒಂದು ಸಣ್ಣ ಲೆಕ್ಕ. ಟ್ಯಾಂಕಿನಿಂದ ಬರೋ ನೀರಿನ ಒತ್ತಡ ಎತ್ತರದಿಂದ ಬರುತ್ತೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಮೇಲಿನ ಮಹಡಿಯ ಷವರಿಗೂ ಟ್ಯಾಂಕಿಗೂ ನಡುವೆ 3 ಮೀಟರ್ ಇದ್ದರೆ 0.3 ಬಾರ್, ಅಷ್ಟೇ. ಅಂಗಡಿಯಲ್ಲಿ ತಟ್ಟೆಯಷ್ಟು ಅಗಲದ ಷವರ್ ಧೋ ಅಂತ ಸುರಿಯುತ್ತೆ, ಯಾಕಂದರೆ ಅಲ್ಲಿ ಪಂಪ್ ಇಟ್ಟಿರುತ್ತಾರೆ. ನಿಮ್ಮನೆಯಲ್ಲಿ ಅದು ಜಡಿಮಳೆ ನಿಂತ ಮೇಲೆ ಮರ ತೊಟ್ಟಿಕ್ಕಿದ ಹಾಗೆ ತೊಟ್ಟಿಕ್ಕುತ್ತೆ. ಟ್ಯಾಂಕನ್ನು ಎತ್ತರಿಸಿ, ಇಲ್ಲಾ ಪ್ರೆಷರ್ ಪಂಪಿಗೆ ಜಾಗ ಮತ್ತು ಕರೆಂಟ್ ಪಾಯಿಂಟ್ ಬಿಡಿ, ಇಲ್ಲಾ ಚಿಕ್ಕ ಷವರ್ ತಗೊಳ್ಳಿ. ಬಕೆಟ್ಟಿಗೆ ಒಂದು ನಲ್ಲಿ ಎಂಥ ಬಚ್ಚಲಿಗೂ ಇರಲಿ. ನೆಲದಿಂದ ಎರಡು ಅಡಿ ಎತ್ತರಕ್ಕೆ.

ಸೋಲಾರ್ ನೀರಿಗೂ ಇಂಥದ್ದೇ ಲೆಕ್ಕ. ಬಿಸಿನೀರಿಗೆ ಹಾಕೋ ಮುಕ್ಕಾಲು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು 20 ಮೀಟರ್ ಓಡಿದರೆ ಅದರೊಳಗೇ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತೆ. ಬಿಸಿನೀರು ಬರೋ ತನಕ ಅಷ್ಟನ್ನೂ ಚೆಲ್ಲಬೇಕು. ಪ್ಯಾನೆಲ್ಲನ್ನು ಬಚ್ಚಲುಗಳ ನೆತ್ತಿಯ ಹತ್ತಿರ ಇಡಿಸಿ, ಬಿಸಿನೀರಿನ ಪೈಪಿಗೆ ಕವಚ ಹಾಕಿಸಿ. ಗೀಸರ್‌ಗೆ 16 ಆಂಪ್ಸ್ ಪಾಯಿಂಟ್, ಸ್ವಿಚ್ ಬಚ್ಚಲ ಹೊರಗೆ. ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗೋ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಇರಲೇಬೇಕು. ಇದನ್ನು ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ವಾಟದ ಮಾತು. ನೀರು ಹರಿಯೋಕೆ ನೆಲಕ್ಕೆ ಕೊಡೋ ಇಳಿಜಾರಿಗೆ ಮೇಸ್ತ್ರಿಗಳು ವಾಟ ಅಂತಾರೆ. ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಒಣ ಜಾಗಕ್ಕೆ ಸಾಕು. ಸ್ನಾನದ ಜಾಗಕ್ಕೆ ಒಂದೂವರೆ ನೂಲು ಇರಲಿ. ಟೈಲ್ಸ್ ದೊಡ್ಡದಾದಷ್ಟೂ ವಾಟ ಕೊಡೋದು ಕಷ್ಟ. 2×4 ಅಡಿಯ ಟೈಲ್ಸನ್ನು ನಾಲ್ಕೂ ಕಡೆಯಿಂದ ಒಂದು ತೂತಿನ ಕಡೆಗೆ ಹೇಗೆ ಬಗ್ಗಿಸುತ್ತೀರಿ? ಒಂದಡಿಯ ಟೈಲ್ಸ್ ತಗೊಳ್ಳಿ, ಮ್ಯಾಟ್ ಇರಲಿ. ಅಂಗಡಿಯಲ್ಲೇ ಚಪ್ಪಲಿ ಬಿಟ್ಟು, ಟೈಲ್ಸ್ ಮೇಲೆ ಸೋಪಿನ ನೀರು ಹಾಕಿ ನಿಂತು ನೋಡಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ. ಹಿಂದೆಲ್ಲ ನಮ್ಮ ಬಚ್ಚಲಿಗೆ ಸಾದರಹಳ್ಳಿ ಕಲ್ಲು ಹಾಕುತ್ತಿದ್ದರು. ಉಳಿ ಹೊಡೆದ ಒರಟು ಚಪ್ಪಡಿ. ಅದರ ಮೇಲೆ ಜಾರಿ ಬಿದ್ದವರನ್ನು ನಾನು ಕಂಡಿಲ್ಲ. ಗುಜರಾತಿನ ಮೊರ್ಬಿಯಿಂದ ಬರೋ ಹೊಳಪಿನ ಟೈಲ್ಸ್ ಗೋಡೆಗೆ ಚೆನ್ನ. ನೆಲಕ್ಕೆ ಬೇಡ.

ವಾಟ ನೋಡೋಕೆ ರಸಮಟ್ಟ ಬೇಡ, ಒಂದು ಚೊಂಬು ನೀರು ಸಾಕು. ಟೈಲ್ಸಿನ ಹುಡುಗ ಇನ್ನೂ ಸೈಟಿನಲ್ಲಿ ಇರುವಾಗಲೇ, ಟ್ರಾಪಿನಿಂದ ದೂರದ ಮೂಲೆಗೆ ನೀರು ಚೆಲ್ಲಿ ಸುಮ್ನೆ ನಿಂತುಕೊಳ್ಳಿ. ಎಲ್ಲಿ ನಿಂತಿತೋ ಅಲ್ಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಗಾರೆ ಹಸಿ ಇರುವಾಗ ಆ ಟೈಲ್ಸ್ ಎಬ್ಬಿಸಿ ಕೂರಿಸೋದು ಹತ್ತು ನಿಮಿಷದ ಕೆಲಸ. ವಾರ ಕಳೆದರೆ ಸುತ್ತಿಗೆ ಬೇಕು.

ಟೈಲ್ಸ್ ನೀರು ತಡೆಯುತ್ತೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಎರಡು ಟೈಲ್ಸ್ ನಡುವಿನ ಸಂದಿಯಿಂದ ನೀರು ಇಳಿಯುತ್ತಲೇ ಇರುತ್ತೆ. ತಡೆಯೋದು ಅದರ ಕೆಳಗಿನ ವಾಟರ್ ಪ್ರೂಫಿಂಗ್. ಸಂಕನ್ನಿನ ತಳಕ್ಕೆ ಒಂದು ಸಲ, ತುಂಬಿದ ಮೇಲೆ ಇನ್ನೊಂದು ಸಲ. ಗೋಡೆಗೂ ಒಂದು ಅಡಿ ಹತ್ತಿಸಬೇಕು, ಷವರ್ ಇರೋ ಗೋಡೆಗೆ ಆಳೆತ್ತರ. ಸೋರೋದು ಬಯಲು ನೆಲದಲ್ಲಿ ಕಡಿಮೆ. ಗೋಡೆ ನೆಲ ಸೇರೋ ಮೂಲೆ, ಪೈಪು ಸ್ಲ್ಯಾಬ್ ದಾಟೋ ಸುತ್ತು, ಇವೆರಡೇ ಕಳ್ಳರು.

ಇದಕ್ಕೆ ಪರೀಕ್ಷೆ ಇದೆ. ಟ್ರಾಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ತುಂಬಿ, 48 ಗಂಟೆ ಬಿಡೋದು. ಗೋಡೆಯ ಮೇಲೆ ನೀರಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, ಸಮಯ ಬರೆಯಿರಿ. ಒಂದು ಬಕೆಟ್ಟಿನಲ್ಲೂ ನೀರು ತುಂಬಿ ಅಲ್ಲೇ ಪಕ್ಕದಲ್ಲಿಟ್ಟು ಗೆರೆ ಹಾಕಿ. ಬಕೆಟ್ಟಿನಲ್ಲಿ ಇಳಿದಷ್ಟು ಬಿಸಿಲು ಗಾಳಿಗೆ ಹೋದದ್ದು. ನೆಲದಲ್ಲಿ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಕೆಳಗೆ ಹೋಗಿ ಸ್ಲ್ಯಾಬಿನ ತಳ ನೋಡಿ. ಒಂದು ಸೈಟಿನಲ್ಲಿ ನಮ್ಮ ಮೇಸ್ತ್ರಿ ನನಗಿಂತ ಮುಂಚೆ ಬೆಳಗ್ಗೆ ಬಂದು, ಇಳಿದ ನೀರಿಗೆ ಎರಡು ಬಕೆಟ್ ಸೇರಿಸಿ ಗೆರೆಗೆ ಸರಿ ಮಾಡಿದ್ದರು. ಗೆರೆಗಿಂತ ಅರ್ಧ ಇಂಚು ಜಾಸ್ತಿಯೇ ಆಗಿತ್ತು. "ರಾತ್ರಿ ಮಳೆ ಬಂತಾ ಮೇಸ್ತ್ರಿಗಳೇ?" ಅಂತ ಕೇಳಿದೆ. ಮೇಲೆ ಛಾವಣಿ ಇತ್ತು. ಇಬ್ಬರೂ ನಕ್ಕೆವು. ಮೂಲೆ ಬಿಚ್ಚಿ ಮತ್ತೆ ಬಳಿಸಿದರು. ಇವತ್ತಿಗೂ ನನ್ನ ಕೆಲಸ ಅವರೇ ಮಾಡೋದು.

ಪೈಪಿಗೂ ಪರೀಕ್ಷೆ ಬೇಕು. ಗೋಡೆ ಮುಚ್ಚೋಕೆ ಮುಂಚೆ ಕೈಪಂಪಿನಿಂದ ಒತ್ತಡ ಹಾಕಿ ಮೀಟರ್ ಮುಳ್ಳು ಇಳಿಯುತ್ತಾ ಅಂತ ನೋಡಬೇಕು. ಅದೇ ಹೊತ್ತಿಗೆ ನಿಮ್ಮ ಫೋನಿನಲ್ಲಿ ನಾಲ್ಕೂ ಗೋಡೆಯ ಫೋಟೋ ತೆಗೆಯಿರಿ. ಸುಮ್ನೆ ತೆಗೆದರೆ ಪ್ರಯೋಜನ ಇಲ್ಲ, ಗೋಡೆಗೆ ಟೇಪ್ ಹಿಡಿಸಿ ಅಳತೆ ಕಾಣೋ ಹಾಗೆ ತೆಗೆಯಿರಿ. ನನ್ನ ಪರಿಚಯದವರೊಬ್ಬರು ಮನೆಗೆ ಬಂದ ಎರಡನೇ ವಾರ ಕನ್ನಡಿ ನೇತುಹಾಕೋಕೆ ಡ್ರಿಲ್ ಹಾಕಿಸಿದರು. ಸರಿಯಾಗಿ ಬಿಸಿನೀರಿನ ಪೈಪಿಗೇ ಬಿತ್ತು. ಫೋಟೋ ಇದ್ದಿದ್ದರೆ ಎರಡು ಇಂಚು ಪಕ್ಕಕ್ಕೆ ಹಾಕಿಸುತ್ತಿದ್ದರು.

ವಾಸನೆ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಟ್ರಾಪಿನಲ್ಲಿ ಎರಡು ಇಂಚು, 50 ಮಿ.ಮೀ., ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ಗಾಳಿಗೂ ಜಿರಲೆಗೂ ಆ ನೀರೇ ಬಾಗಿಲು. ಬಳಸದ ಬಚ್ಚಲಲ್ಲಿ ಅದು ಒಣಗುತ್ತೆ, ವಾಸನೆ ಬರುತ್ತೆ. ವಾರಕ್ಕೊಂದು ಚೊಂಬು ನೀರು ಹಾಕಿ. ಬಳಸೋ ಬಚ್ಚಲಲ್ಲೂ ಬಂದರೆ ಗಾಳಿ ಪೈಪು ಮೇಲಕ್ಕೆ ತೆಗೆದಿಲ್ಲ ಅಂತ ಅನುಮಾನ ಪಡಿ.

ಇನ್ನು ಕಾಂಟ್ರ್ಯಾಕ್ಟರು. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಮುಖ ನೋಡಿದರೆ ಗೊತ್ತಾಗುತ್ತೆ.

ನಮ್ಮಲ್ಲಿ ಮನೆ ಮಾತು ಚದರದ ಲೆಕ್ಕದಲ್ಲಿ ನಡೆಯುತ್ತೆ. 100 ಚದರಡಿಗೆ ಒಂದು ಚದರ, ಚದರಕ್ಕೆ ಇಷ್ಟು ಲಕ್ಷ. ಮೆಟೀರಿಯಲ್ ಸೇರಿಸಿಯೋ, ಬರೀ ಲೇಬರ್ರೋ. ಈ ರೇಟಿನೊಳಗೆ ಬೆಡ್‌ರೂಮೂ ಒಂದೇ, ಬಚ್ಚಲೂ ಒಂದೇ. ಆದರೆ ಖರ್ಚಿನಲ್ಲಿ ಬಚ್ಚಲಷ್ಟು ದುಬಾರಿ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಆದ್ದರಿಂದ ಕಾಂಟ್ರ್ಯಾಕ್ಟರಿಗೆ ಉಳಿಸೋಕೆ ಸಿಗೋ ಜಾಗವೂ ಅದೇ. ಎಗ್ರಿಮೆಂಟಿನಲ್ಲಿ "ಸ್ಟ್ಯಾಂಡರ್ಡ್ ಫಿಟಿಂಗ್ಸ್", "ಒಳ್ಳೆ ಕಂಪನಿ ಪೈಪು" ಅಂತ ಬರೆದಿದ್ದರೆ ಅದು ಬರೆದ ಹಾಗಲ್ಲ. ಕಂಪನಿ, ಮಾಡೆಲ್, ಎಷ್ಟು ನಗ, ರೇಟು ಎಷ್ಟು, ಅಷ್ಟೂ ಬರೆಸಿ. ವಾಟರ್ ಪ್ರೂಫಿಂಗ್ ಎಷ್ಟು ಕೋಟು, ಯಾವ ಗೋಡೆಗೆ ಎಷ್ಟು ಎತ್ತರ ಅಂತಲೂ. ಬರೆಯುವಾಗ ಒಂದು ಗಂಟೆ ಜಗಳ ಆಗಬಹುದು. ಆಗಲಿ. ಆ ಜಗಳ ಕಾಫಿ ಕುಡಿಯುತ್ತಾ ಆಗುತ್ತೆ. ಆಮೇಲಿನದು ಬೀದಿಯಲ್ಲಿ ಆಗುತ್ತೆ.

ದುಡ್ಡಿನ ಕಂತು ಸಾಮಾನ್ಯವಾಗಿ ಪಾಯ, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್, ಮೌಲ್ಡ್, ಪ್ಲಾಸ್ಟರಿಂಗ್ ಅಂತ ಇರುತ್ತೆ. ಅದರ ನಡುವೆ ಒಂದು ಸಣ್ಣ ಕಂತನ್ನು ಬಚ್ಚಲ ನೀರಿನ ಪರೀಕ್ಷೆಗೆ ಕಟ್ಟಿಬಿಡಿ. ನೀರು ನಿಂತಿತು, ದುಡ್ಡು ಬಂತು. ಕೊನೆಗೆ ಒಂದು ಪಾಲನ್ನು, ನಾನು 5 ಪರ್ಸೆಂಟ್ ಅಂತೀನಿ, ಒಂದು ಮಳೆಗಾಲ ಕಳೆಯೋ ತನಕ ಇಟ್ಟುಕೊಳ್ಳಿ. ಆದರೆ ಮೊದಲೇ ಒಪ್ಪಿಕೊಂಡು ಇಟ್ಟುಕೊಳ್ಳಬೇಕು, ಕೊನೆಗೆ ನೆಪ ಹುಡುಕಿ ಹಿಡಿಯೋದಲ್ಲ. ಕಾಂಟ್ರ್ಯಾಕ್ಟರ್ ಓಡಿಹೋದ ಕತೆ ಎಲ್ಲರೂ ಹೇಳುತ್ತೀರಿ. ದುಡ್ಡು ಕೊಡದೆ ಸತಾಯಿಸಿದ ಮನೆಯವರ ಕತೆಯನ್ನು ಕೇಳಬೇಕಾದರೆ ಮೇಸ್ತ್ರಿಗಳ ಜೊತೆ ಟೀ ಕುಡಿಯಬೇಕು. ಶನಿವಾರ ಬಟವಾಡೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಶೆಡ್ಡಿನಲ್ಲಿ ಮಕ್ಕಳ ಸಮೇತ ಇರುವವರಿಗೆ ಅವತ್ತು ಕೂಲಿ ಕೊಡಲೇಬೇಕು. ಕೊಡೋ ದುಡ್ಡನ್ನು ಶುಕ್ರವಾರ ಸಂಜೆಯೇ ಕೊಟ್ಟರೆ ನಿಮ್ಮ ಸೈಟಿಗೆ ಸೋಮವಾರ ಜನ ಬರುತ್ತಾರೆ.

ನಾನು ಕಂಡ ಹಾಗೆ ಬಚ್ಚಲ ತಪ್ಪುಗಳಲ್ಲಿ ಬಹುಪಾಲು ಒಬ್ಬರ ತಪ್ಪಲ್ಲ. ಪ್ಲಂಬರ್ ಒಂದು ತಿಂಗಳು ಬಂದು ಹೋಗುತ್ತಾನೆ, ಎಲೆಕ್ಟ್ರಿಷಿಯನ್ ಇನ್ನೊಂದು ತಿಂಗಳು, ಟೈಲ್ಸಿನವರು ಮತ್ತೊಂದು. ಅವರು ಒಬ್ಬರನ್ನೊಬ್ಬರು ನೋಡೇ ಇರಲ್ಲ. ಪ್ಲಂಬರ್ ತಮಿಳು, ಟೈಲ್ಸಿನ ಹುಡುಗರು ಹಿಂದಿ, ಮೇಸ್ತ್ರಿ ತೆಲುಗು, ನಡುವೆ ನಾವು. ಹೇಳಿದ್ದು ಒಬ್ಬರಿಂದ ಒಬ್ಬರಿಗೆ ದಾಟುವಾಗ ಕಾಲು ಭಾಗ ಸೋರಿಹೋಗುತ್ತೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಗೋಡೆ ಮೇಲೆ ಬರೆದುಬಿಡೋದು. ಮೂವರನ್ನೂ ಒಂದು ಗಂಟೆ ಒಟ್ಟಿಗೆ ಕರೆಸಿ, ಬರಿಗೋಡೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಎಲ್ಲವನ್ನೂ ನಿಜವಾದ ಅಳತೆಗೆ ಬರೆಯೋದು. ಮೊದಲು ಒಂದು ಮಟ್ಟದ ಗೆರೆ, ಅದರ ಪಕ್ಕ "ಟೈಲ್ಸ್ ನೆಲ ಇಲ್ಲಿಗೆ" ಅಂತ. ಆಮೇಲೆ ಷವರ್, ನಲ್ಲಿ, ಬೇಸಿನ್, ಗೀಸರ್, ಸ್ವಿಚ್ಚು. ಹೆಲ್ತ್ ಫಾಸೆಟ್ ಕೂತವರ ಬಲಗೈಗೆ. ಗೆರೆಗೆ ಭಾಷೆ ಬೇಡ. ನಮ್ಮಮ್ಮ 4 ಅಡಿ 10 ಇಂಚು. ಬೇಸಿನ್ ಎತ್ತರ ಬರೆಯುವಾಗ ಅವರನ್ನೇ ಗೋಡೆ ಮುಂದೆ ನಿಲ್ಲಿಸಿ ಮುಖ ತೊಳೆದ ಹಾಗೆ ಮಾಡಿಸಿದೆ. ಪ್ಲಂಬರ್ ಬರೆದಿದ್ದ ಗೆರೆಗಿಂತ ಎರಡು ಇಂಚು ಕೆಳಗೆ ಬಂತು.

ಇನ್ನೆರಡು ಮಾತು. ಕೆಲಸದ ಹುಡುಗನಿಗೆ ನೇರವಾಗಿ ಹೀಗೆ ಮಾಡು ಹಾಗೆ ಮಾಡು ಅನ್ನಬೇಡಿ, ಮೇಸ್ತ್ರಿಗೇ ಹೇಳಿ. ಇಬ್ಬರು ಯಜಮಾನರಾದರೆ ಆ ಹುಡುಗ ಯಾರ ಮಾತೂ ಕೇಳಲ್ಲ. ಹೇಳಿದ್ದನ್ನು ಸಂಜೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕಳಿಸಿ. ಮೇಸ್ತ್ರಿಯನ್ನು ಬೈಯೋದಿದ್ದರೆ ಪಕ್ಕಕ್ಕೆ ಕರೆದು ಬೈಯಿರಿ, ಅವರ ಹುಡುಗರ ಮುಂದೆ ಬೇಡ. ಮಧ್ಯದಲ್ಲಿ ಮನಸ್ಸು ಬದಲಾಯಿಸಿದರೆ ಅದರ ಎಕ್ಸ್‌ಟ್ರಾ ದುಡ್ಡನ್ನು ಅವತ್ತೇ ಮಾತಾಡಿ ಮುಗಿಸಿ.

ಪ್ರಶ್ನೆಗಳಿಗೆ ಹತ್ತು ನಿಮಿಷ ಇತ್ತು. ಕೊನೆಯ ಸಾಲಿನಿಂದ ಒಬ್ಬರು ಹಿರಿಯ ತಾಯಿ ಎದ್ದು ನಿಂತರು. "ಎಲ್ಲಾ ಸರಿ ಕಣಪ್ಪಾ. ಸೋಲಾರು, ಗೀಸರು ಅಂದೆ. ಎಣ್ಣೆ ನೀರಿಗೆ ಅದು ಸಾಲಲ್ಲ. ನನಗೊಂದು ಹಂಡೆ ಒಲೆ ಬೇಕು. ಆಗುತ್ತಾ?"

ಆಗುತ್ತಮ್ಮ, ಆದರೆ ಮುಚ್ಚಿದ ಬಚ್ಚಲೊಳಗೆ ಬೇಡ, ಹೊಗೆ ಅಪಾಯ ಅಂದೆ. ಹಿಂದುಗಡೆ ಯುಟಿಲಿಟಿಯಲ್ಲಿ ಇಡಬಹುದು. ಅಲ್ಲಿಂದ ಬಚ್ಚಲಿಗೆ ಒಂದು ಬಿಸಿನೀರಿನ ಪೈಪು, ಹೊಗೆ ಕೊಳವೆಗೆ ಗೋಡೆಯಲ್ಲಿ ಒಂದು ಕಿಂಡಿ, ಒಲೆಯ ಕೆಳಗೆ ಕಲ್ಲು. ಕಿಂಡಿಯನ್ನು ಗೋಡೆ ಕಟ್ಟುವಾಗಲೇ ಬಿಡಬೇಕು, ಲಿಂಟಲ್‌ಗೆ ಮುಂಚೆ. ನಿಮ್ಮ ಮನೆ ಈಗ ಯಾವ ಹಂತದಲ್ಲಿದೆ ಅಂತ ಕೇಳಿದೆ.

ಅವರು ಪಕ್ಕದಲ್ಲಿ ಕೂತಿದ್ದ ಮಗನ ಕಡೆ ತಿರುಗಿದರು. ಮಗ ತಲೆ ಎತ್ತದೆ ಅಂದರು, "ನಿನ್ನೆ ಮೌಲ್ಡ್ ಆಯ್ತು, ಸಾರ್."